ದಾವಣಗೆರೆ–ಚಿತ್ರದುರ್ಗದ ಸುತ್ತ ಗಾಡಿ ಕಾಟ ಇಲ್ಲದ ಮಣ್ಣಿನ ದಾರಿ ಬೇಕು, ಗೊತ್ತಿದ್ದವರು ಹೇಳಿ

ಅರಳೆಬಂಡಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ವಯಸ್ಸು ನಲವತ್ತೊಂದು, ಲ್ಯಾಬ್ ಟೆಕ್ನಿಷಿಯನ್. ವಾರವೆಲ್ಲ ಸಿರಿಂಜು, ಸ್ಲೈಡು. ಭಾನುವಾರ ಬೆಳಗ್ಗೆ ಮಾತ್ರ ನನ್ನದು, ಅದೂ ಹತ್ತೂವರೆವರೆಗೆ. ಆಮೇಲೆ ದೋಸೆ ಹುಯ್ಯಬೇಕು, ಮನೆಯಲ್ಲಿ ನಾಲ್ಕು ಜನ ತಟ್ಟೆ ಹಿಡಿದು ಕೂತಿರುತ್ತಾರೆ.

ಎರಡು ತಿಂಗಳ ಹಿಂದೆ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಗ್ರಾವೆಲ್ ಸೈಕಲ್ ತಗೊಂಡೆ, ಮಣ್ಣಿನ ದಾರಿಗೆ ಅಂತಲೇ ಮಾಡಿದ್ದು. ಬಗ್ಗಿದ ಹ್ಯಾಂಡಲ್, 38 ಎಂಎಂ ಟೈರು. ನಮ್ಮ ಬೀದಿಯ ಹುಡುಗರು ಅದಕ್ಕೆ ಟಗರುಕೊಂಬಿನ ಸೈಕಲ್ ಅಂತ ಹೆಸರಿಟ್ಟಿದ್ದಾರೆ. ನನಗೂ ಅದೇ ಹೆಸರು ಇಷ್ಟವಾಗಿಬಿಟ್ಟಿದೆ.

ಆದರೆ ಹೊಡೆಯೋದು ಎಲ್ಲಿ? ಹೈವೇ ಸರ್ವಿಸ್ ರೋಡಲ್ಲಿ ಹೋಗುತ್ತಿದ್ದೆ. ಹೋದ ಭಾನುವಾರ ಮೆಕ್ಕೆಜೋಳದ ಚೀಲ ತುಂಬಿದ ಟ್ರ್ಯಾಕ್ಟರ್ ಒಂದು ರಾಂಗ್ ಸೈಡಲ್ಲಿ ಎದುರಿಗೇ ಬಂತು. ನಾನು ಚರಂಡಿಗೆ ಇಳಿದೆ. ಇಳಿದೆ ಅನ್ನೋದು ಮರ್ಯಾದೆಗೆ, ಬಿದ್ದೆ. ಮೊಣಕೈ ಕೆತ್ತಿಹೋಯಿತು. ಡ್ರೈವರ್ ಹುಡುಗ ಇಳಿದು ಬಂದು ಸೈಕಲ್ ಎತ್ತಿಕೊಟ್ಟ, ಅದು ಒಳ್ಳೆಯದೇ. ಕೊಟ್ಟು, “ಅಕ್ಕಾ, ಇದನ್ನ ಪಾರ್ಕಲ್ಲಿ ಹೊಡೀಬೇಕು” ಅಂದ.

ಪಾರ್ಕು ಬೇಡ. ಗಾಡಿ ಇಲ್ಲದ ಮಣ್ಣಿನ ದಾರಿ ಬೇಕು. ಹಳೇ ಗುಡಿ, ಕೆರೆ, ಕಲ್ಲು ಏನಾದರೂ ದಾರಿಯಲ್ಲಿ ಸಿಕ್ಕರೆ ಇನ್ನೂ ಚೆನ್ನ. ನಲವತ್ತು ಐವತ್ತು ಕಿಲೋಮೀಟರ್ ಹೊಡೆಯೋದು ನನಗೆ ಆಗುತ್ತದೆ. ನಮ್ಮಜ್ಜ ಅರಳೆ ತುಂಬಿದ ಬಂಡಿ ಹೊಡೆದುಕೊಂಡು ಹಳ್ಳಿಯಿಂದ ದಾವಣಗೆರೆಗೆ ಬರುತ್ತಿದ್ದ. ರಾತ್ರಿ ಊಟ ಮಾಡಿ ಬಂಡಿ ಕಟ್ಟಿದರೆ ಬೆಳಗಿನ ಜಾವಕ್ಕೆ ಹತ್ತಿ ಬಿಡಿಸುವ ಜಿನ್ನಿನ ಬಾಗಿಲು. ಎತ್ತಿಗೆ ದಾರಿ ಗೊತ್ತಿತ್ತು, ಅಜ್ಜ ಮಲಗಿಬಿಡುತ್ತಿದ್ದನಂತೆ. ಅಂಥ ದಾರಿ ಈಗಲೂ ಎಲ್ಲಾದರೂ ಉಳಿದಿದೆಯಾ? ಗೂಗಲ್ ಮ್ಯಾಪ್ ನೋಡಿ ಸಾಕಾಗಿದೆ. ಅದು ಪ್ರತಿ ಸಲ ನನ್ನನ್ನು ತಿರುಗಿ ಹೈವೇಗೇ ತಂದು ಬಿಡುತ್ತದೆ.

ಚಾನಲ್ ಏರಿ:

ಮೇಡಂ, ನಾನು ಹರಿಹರದ ಕಡೆಯವನು. ನಿಮಗೆ ಮೊದಲು ಬೇಕಾಗಿರೋದು ಚಾನಲ್, ಅಂದರೆ ನೀರಾವರಿ ಕಾಲುವೆ. ಭದ್ರಾ ಬಲದಂಡೆ ಚಾನಲ್ ಪಕ್ಕಕ್ಕೆ ಗರಸು ದಾರಿ ಇದೆ, ಇಲಾಖೆಯ ಜೀಪು ಓಡಾಡಲಿ ಅಂತ ಮಾಡಿದ್ದು. ದೊಡ್ಡ ಚಾನಲ್‌ನಿಂದ ಕವಲು, ಕವಲಿನಿಂದ ತೂಬುಗಾಲುವೆ, ಹೀಗೆ ಬಲೆ ಹರಡಿದಂತೆ ಹರಡಿದೆ. ಬೆಳಗ್ಗೆ ಆರು ಗಂಟೆಗೆ ಹೋದರೆ ನೀರುಗಂಟಿ ಒಬ್ಬ, ಬೆಳ್ಳಕ್ಕಿ ನೂರು. ಅಷ್ಟೇ ಟ್ರಾಫಿಕ್ಕು.

ಚಾನಲ್ ದಾರಿಯ ಸುಖ ಏನೆಂದರೆ ಏರು ಇಳಿವು ಇಲ್ಲ. ನೀರು ತಾನಾಗಿ ಹರಿಯಬೇಕಲ್ವಾ, ಅದಕ್ಕೇ ದಿಬ್ಬ ಬಂದರೆ ಹತ್ತೋದಿಲ್ಲ, ಸುತ್ತಿಕೊಂಡು ಹೋಗುತ್ತದೆ. ನೀವೂ ಅದರ ಜೊತೆ ಸುತ್ತುತ್ತೀರಿ. ಕಣ್ಣಿಗೆ ಎರಡು ಕಿಲೋಮೀಟರ್ ಇರುವ ಊರು ಕಾಲಿಗೆ ಐದಾಗುತ್ತದೆ. ಹರಿಹರದವರೆಗೆ ಬಂದರೆ ಹರಿಹರೇಶ್ವರನ ಗುಡಿಗೆ ಒಂದು ಸುತ್ತು ಹಾಕಿ. ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ, ಅವನ ಮಂತ್ರಿ ಪೊಲಾಳ್ವ ಕಟ್ಟಿಸಿದ್ದು. ಬೆಳಗಿನ ಹೊತ್ತು ಆ ಕಂಬಗಳನ್ನು ಕೈಯಿಂದ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿರುತ್ತವೆ.

ಎಚ್ಚರ ಎರಡು ಇವೆ. ನಾಟಿ ಸಮಯದಲ್ಲಿ ಬರಬೇಡಿ. ಕೇಜ್ ವೀಲ್, ಅಂದರೆ ಕೆಸರುಗದ್ದೆಯ ಕಬ್ಬಿಣದ ಚಕ್ರ, ಹಾಕಿದ ಟ್ರ್ಯಾಕ್ಟರ್‌ಗಳು ಏರಿಯ ಮೇಲೆ ಓಡಾಡಿ ದಾರಿಯನ್ನು ಈಳಿಗೆಯಲ್ಲಿ ಹೆಚ್ಚಿದ ಹಾಗೆ ಹೆಚ್ಚಿರುತ್ತವೆ. ಇನ್ನೊಂದು, ಚಾನಲ್‌ಗೆ ತಡೆಗೋಡೆ ಇಲ್ಲ. ನೀರು ಬಿಟ್ಟಾಗ ಸೆಳೆತ ಜೋರು. ಫೋನ್ ನೋಡುತ್ತಾ ಹೊಡೆಯುವ ದಾರಿ ಅಲ್ಲ.

ಹಳೇ ಅಟ್ಲಾಸ್:

ತಾಯಿ, ನಾನು ದುರ್ಗದವನು. ಹಳ್ಳಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೆ, ಅದರಲ್ಲಿ ಇಪ್ಪತ್ತು ವರ್ಷ ಅಟ್ಲಾಸ್ ಸೈಕಲ್ಲಿನಲ್ಲೇ ಹೋಗಿ ಬಂದೆ. ಆಗ ಅದಕ್ಕೆ ಗ್ರಾವೆಲ್ ಸೈಕ್ಲಿಂಗ್ ಅಂತ ಹೆಸರಿರಲಿಲ್ಲ. ಡ್ಯೂಟಿ ಅಂತಿದ್ವಿ.

ನಿಮ್ಮಜ್ಜನ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಮೊಬೈಲಿನ ಮ್ಯಾಪಲ್ಲಿ ಇಲ್ಲ, ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಇದೆ. ಹಳ್ಳಿಗೊಂದು ನಕಾಶೆ, ಸರ್ವೆ ನಂಬರುಗಳ ಗೆರೆ, ಅದರ ನಡುವೆ ಚುಕ್ಕೆ ಚುಕ್ಕೆ ಗೆರೆ. ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ಹೊಲದ ಜಗಳ ಆದಾಗಲೆಲ್ಲ ಹಳ್ಳಿಯಲ್ಲಿ “ಇದು ನಕಾಶೆ ಕಂಡ ದಾರಿ” ಅನ್ನುತ್ತಾರಲ್ಲ, ಅದು ಇದೇ. ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ದಿಶಾಂಕ್ ಆಪ್ ಹಾಕಿಕೊಂಡರೆ ನೀವು ನಿಂತಿರುವ ಸರ್ವೆ ನಂಬರು ಯಾವುದು ಅಂತಲೂ ಗೊತ್ತಾಗುತ್ತದೆ. ಎರಡನ್ನೂ ಹೊಂದಿಸಿಕೊಂಡರೆ ಸಾಕು.

ಈಗ ನಾನು ಕಂಡುಕೊಂಡಿದ್ದು ಹೇಳುತ್ತೇನೆ. ಟಾರ್ ರಸ್ತೆ ಬಸ್ಸಿಗೋಸ್ಕರ ಹಾಕಿದ್ದು, ಅದು ಊರಿಂದ ಊರಿಗೆ ನೇರ ಹೋಗುತ್ತದೆ. ಬಂಡಿದಾರಿ ನೀರಿಗೋಸ್ಕರ ಬಿದ್ದಿದ್ದು. ಎತ್ತು ನಡುವೆ ಎಲ್ಲೋ ಒಂದು ಕಡೆ ನೀರು ಕುಡಿಯಲೇಬೇಕಲ್ಲ. ಅದಕ್ಕೇ ಆ ದಾರಿ ಕೆರೆ ಏರಿಗೆ ಹೋಗಿ ಮುಟ್ಟಿಯೇ ಮುಂದಕ್ಕೆ ಹೋಗುತ್ತದೆ. ಕೆರೆ ಇದ್ದಲ್ಲಿ ಗುಡಿ, ಗುಡಿ ಇದ್ದಲ್ಲಿ ಶಾಸನವೋ ವೀರಗಲ್ಲೋ ಒಂದು ಇದ್ದೇ ಇರುತ್ತದೆ. ಹಳೇ ಕಲ್ಲು ಬೇಕು ಅಂದರೆ ಕಲ್ಲು ಹುಡುಕಬೇಡಿ, ಕೆರೆ ಹುಡುಕಿ.

ನಂಬಿಕೆ ಬರದಿದ್ದರೆ ದುರ್ಗದ ಬುಡದಲ್ಲೇ ಇರುವ ಚಂದ್ರವಳ್ಳಿಗೆ ಬನ್ನಿ. ಎಲ್ಲರೂ ಅಂಕಲಿ ಮಠದ ಗವಿಗೆ ನುಗ್ಗಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಲ್ಲೇ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಪಲ್ಲವರನ್ನು ಗೆದ್ದೆ, ಇಂಥಿಂಥವರನ್ನು ಗೆದ್ದೆ ಅಂತ ಪಟ್ಟಿ ಇದೆ, ನಿಜ. ಆದರೆ ಶಾಸನ ಹಾಕಿಸಿದ್ದು ಯಾತಕ್ಕೆ? ಕೆರೆ ಕಟ್ಟಿಸಿದೆ ಅಂತ ಹೇಳೋದಕ್ಕೆ. ಮೂರು ಗುಡ್ಡದ ನಡುವೆ ನೀರು ಕಟ್ಟಿದ ಜಾಗ ಅದು. 1947ರಲ್ಲಿ ಪುರಾತತ್ವ ಇಲಾಖೆಯ ವೀಲರ್ ಸಾಹೇಬರು ಇಲ್ಲಿ ಅಗೆಸಿದರು. ರೋಮಿನ ನಾಣ್ಯವೂ ಈ ಮಣ್ಣಿನಲ್ಲಿ ಸಿಕ್ಕಿದೆ. ರೋಮಿನ ದುಡ್ಡು ಹಾರಿಕೊಂಡು ಬರಲಿಲ್ಲ, ಯಾವುದೋ ಬಂಡಿಯಲ್ಲೇ ಬಂದಿರಬೇಕು ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಚಂದ್ರವಳ್ಳಿಗೆ ಮಾತ್ರ ಏಳು ಗಂಟೆ ಒಳಗೆ ಬನ್ನಿ. ಎಂಟಾದ ಮೇಲೆ ವಾಕಿಂಗ್‌ನವರು, ಒಂಬತ್ತಾದ ಮೇಲೆ ಪ್ರೀವೆಡ್ಡಿಂಗ್‌ನವರು.

ಜೋಗಿಮಟ್ಟಿ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ದಾರಿ ಚೆಂದ, ತಂಪು. ಆದರೆ ಅದು ವನ್ಯಧಾಮ, ಕರಡಿ ಚಿರತೆ ಇವೆ. ಗೇಟಿನಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ, ಬಿಟ್ಟರೆ ಹೋಗಿ, ಬಿಡದಿದ್ದರೆ ವಾದ ಮಾಡದೆ ವಾಪಸ್ ಬನ್ನಿ. ಭೀಮಸಮುದ್ರದ ಕೆರೆ ಏರಿಯೂ ಚೆನ್ನ, ಅಡಿಕೆ ತೋಟದ ನೆರಳು ಇದೆ. ಅಲ್ಲಿಗೆ ದೊಡ್ಡ ರಸ್ತೆಯಲ್ಲಿ ಹೋದರೆ ಅದಿರು ಲಾರಿಯ ಕೆಂಪು ಧೂಳು ಕುಡಿಯಬೇಕು. ಹಳ್ಳಿ ದಾರಿ ಹಿಡಿಯಿರಿ.

ಮಣ್ಣಿನ ವಿಷಯ ಹೇಳದಿದ್ದರೆ ನಾನು ಮೇಷ್ಟ್ರೇ ಅಲ್ಲ. ನಮ್ಮಲ್ಲಿ ಮಣ್ಣು ಎರಡು. ಮಸಾರಿ, ಅಂದರೆ ಕೆಂಪು. ಮಳೆ ಬಿದ್ದು ಎರಡು ತಾಸಿಗೆ ಸೈಕಲ್ ಓಡುತ್ತದೆ, ಒಣಗಿದಾಗಿನಕ್ಕಿಂತ ಚೆನ್ನಾಗಿ ಓಡುತ್ತದೆ. ಇನ್ನೊಂದು ಎರೆ. ತುರುವನೂರು ಕಡೆ ಎರೆ ಹೊಲ ಜಾಸ್ತಿ. 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆದ ಊರದು, ನಿಜಲಿಂಗಪ್ಪನವರೂ ಅದರಲ್ಲಿದ್ದರು. ಆ ಊರು ತೋರಿಸೋಣ ಅಂತ ನನ್ನ ಅಳಿಯನನ್ನು ಒಮ್ಮೆ ಸೆಪ್ಟೆಂಬರಿನಲ್ಲಿ ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ಹದ ಮಳೆ ಆಗಿತ್ತು. ದಾರಿ ನೋಡೋದಕ್ಕೆ ಕಪ್ಪಗೆ, ನುಣ್ಣಗೆ, ಟಾರ್ ಹಾಕಿದ ಹಾಗಿತ್ತು. ಇಳಿದು ಐವತ್ತು ಮಾರು ಹೋಗಿಲ್ಲ, ಚಕ್ರ ತಿರುಗೋದು ನಿಂತಿತು. ಟೈರಿನ ಸುತ್ತ ಒಂದು ಗೇಣು ದಪ್ಪ ಮಣ್ಣು. ಕಡ್ಡಿಯಲ್ಲಿ ಕೆತ್ತಿದೆವು. ಮತ್ತೆ ಹತ್ತು ಮಾರು, ಮತ್ತೆ ಅಷ್ಟೇ. ಎತ್ತಿಕೊಂಡು ನಡೆಯೋಣ ಅಂದರೆ ಚಪ್ಪಲಿಯೂ ಮೂರು ಮೂರು ಸೇರು ತೂಕ. ಅಳಿಯ ಮಾತು ನಿಲ್ಲಿಸಿಬಿಟ್ಟ. ಹತ್ತಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿ ನೋಡಿ ನೋಡಿ ಕೊನೆಗೆ, “ಕೀಳಬ್ಯಾಡ್ರೋ, ಕುಂದ್ರಿ. ಬಿಸ್ಲು ಬಿದ್ರೆ ತಾನೇ ಉದುರ್ತೈತಿ” ಅಂದಳು. ಬದುವಿನ ಮೇಲೆ ಕೂತೆವು. ಅಜ್ಜಿ ರೊಟ್ಟಿ ಕೊಟ್ಟಳು, ಶೇಂಗಾ ಚಟ್ನಿ ಕೊಟ್ಟಳು. ಹನ್ನೊಂದರ ಹೊತ್ತಿಗೆ ಟೈರಿನ ಮಣ್ಣು ಬಿರುಕು ಬಿಟ್ಟು ಹೆಂಚಿನ ಚೂರಿನ ಹಾಗೆ ಒಂದೊಂದೇ ಉದುರಿತು. ಆದ್ದರಿಂದ ಎರೆ ದಾರಿಗೆ ಸಂಕ್ರಾಂತಿ ಆದ ಮೇಲೆ ಹೋಗಿ. ಮಸಾರಿಗೆ ಯಾವಾಗ ಬೇಕಾದರೂ ಹೋಗಿ.

ಗಾಳಿ ಇನ್ನೊಂದು. ಗುಡ್ಡದ ಮೇಲೆ ಅಷ್ಟೊಂದು ಕರೆಂಟಿನ ಗಾಳಿ ಫ್ಯಾನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಕೈ ಇಟ್ಟು ತಳ್ಳುತ್ತದೆ. ಹೋಗುವಾಗ ಪಶ್ಚಿಮಕ್ಕೆ ಹೋಗಿ, ಸುಸ್ತಾದ ಮೇಲೆ ಗಾಳಿಯೇ ಮನೆಗೆ ತಂದು ಬಿಡುತ್ತದೆ. ನಾನು ಇದನ್ನು ಉಲ್ಟಾ ಮಾಡಿ ಕಲಿತವನು.

ಎರಡು ಟ್ಯೂಬು:

ಮೇಷ್ಟ್ರು ಎಲ್ಲಾ ಹೇಳಿದರು, ಮುಳ್ಳು ಬಿಟ್ಟರು. ಅಟ್ಲಾಸ್ ಟೈರಿಗೆ ಮುಳ್ಳು ಹೆದರುತ್ತಿತ್ತು ಅನಿಸುತ್ತೆ.

ಮೇಡಂ, ಕೆರೆ ಅಂಗಳ ಅಂದರೆ ಬಳ್ಳಾರಿ ಜಾಲಿ. ಅದರ ಮುಳ್ಳು ಒಣಗಿದರೆ ಮೊಳೆಯೇ. ಬೇಲಿಗೆ ಕಡಿದು ಎಳೆದುಕೊಂಡು ಹೋದ ದಾರಿಯಲ್ಲಂತೂ ಹೆಜ್ಜೆಗೊಂದು ಬಿದ್ದಿರುತ್ತದೆ. ಮಳೆಗಾಲ ಮುಗಿದ ಮೇಲೆ ನೆಗ್ಗಿಲು ಬೇರೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ, ಅದರ ಹುಟ್ಟೇ ಹಾಗೆ. ನಿಮ್ಮ ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತಾ ನೋಡಿ. ಆಗುವುದಾದರೆ ಸೀಲೆಂಟ್ ಹಾಕಿಸಿ, ತೂತು ತಾನಾಗಿ ಮುಚ್ಚುವ ದ್ರವ ಅದು. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಚೆಕ್ ಮಾಡಿ. ಜೋಬಲ್ಲಿ ಒಂದು ಚಿಮುಟ ಇರಲಿ, ಹುಬ್ಬು ಕೀಳುವ ಚಿಮುಟವೇ ಸಾಕು. ಮುರಿದ ಮುಳ್ಳಿನ ತುದಿ ಟೈರಿನೊಳಗೆ ಉಳಿದರೆ ಹೊಸ ಟ್ಯೂಬೂ ಐದು ನಿಮಿಷಕ್ಕೆ ಹೋಗುತ್ತದೆ. ಗಾಳಿಯನ್ನು ಕಲ್ಲಿನ ಹಾಗೆ ತುಂಬಬೇಡಿ. ನಾನು 72 ಕೆಜಿ, 40 ಎಂಎಂ ಟ್ಯೂಬ್‌ಲೆಸ್ ಟೈರಿಗೆ ಮುಂದೆ 35, ಹಿಂದೆ 38 ಪಿಎಸ್‌ಐ ಇಡುತ್ತೇನೆ. ಅಂಗಡಿಯವನು 60 ಹೊಡೆದುಕೊಟ್ಟಿದ್ದ ದಿನ ಹಲ್ಲು ಕುಟ್ಟಿಕೊಂಡೇ ಮನೆಗೆ ಬಂದೆ.

ಅಕ್ಷರಗುಂಡು:

ನಾನು ಮೊಳಕಾಲ್ಮೂರು ತಾಲ್ಲೂಕಿನವನು. ಅಕ್ಕ, ಒಂದು ದಿನ ರಜೆ ಹಾಕಿ ನಮ್ಮ ಕಡೆ ಬನ್ನಿ. ಕಾರಿನಲ್ಲಿ ಸೈಕಲ್ ಹಾಕಿಕೊಂಡು ಬನ್ನಿ. ದುರ್ಗದಿಂದ ಹೊಡೆದುಕೊಂಡು ಬಂದರೆ ನೋಡೋದಕ್ಕೆ ಕಣ್ಣು ತೆರೆದಿರೋದಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನ ಇವೆ, ಮೂರೂ ಹತ್ತಿರ ಹತ್ತಿರ. ನಡುವೆ ಹೊಲದ ದಾರಿ, ಶೇಂಗಾ ಹೊಲ, ಕುರಿ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಪತ್ತೆ ಮಾಡಿದ್ದು. ನಮ್ಮೂರವರು ಅದಕ್ಕೂ ಮೊದಲೇ ಆ ಬಂಡೆಗೆ ಅಕ್ಷರಗುಂಡು ಅಂತ ಕರೀತಿದ್ದರು, ಓದೋಕೆ ಬರ್ತಿರಲಿಲ್ಲ ಅಷ್ಟೇ.

ಬ್ರಹ್ಮಗಿರಿಯಲ್ಲಿ ಶಾಸನದ ಕೊನೆ ಸಾಲು ನೋಡಿ. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ, ಎಡದಿಂದ ಬಲಕ್ಕೆ. ತನ್ನ ಹೆಸರಿನ ಪಕ್ಕ ಲಿಪಿಕಾರ ಅನ್ನೋ ಮಾತು ಬಂದಾಗ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಅದು ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ಕಲಿತವನು ನಮ್ಮ ಹಗರಿ ಹಳ್ಳದ ದಂಡೆಗೆ ಬಂದು ಬಂಡೆ ಮೇಲೆ ಕೂತು ಸೈನ್ ಹಾಕಿ ಹೋಗಿದ್ದಾನೆ ನೋಡಿ. ಜಟಿಂಗ ರಾಮೇಶ್ವರದ ಶಾಸನ ಮಾತ್ರ ಬಹಳ ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದುದೇ ಆ ಬಂಡೆ ಮೇಲೆ, ಅದಕ್ಕೆ ಬಳೆಗಾರ ಗುಂಡು ಅಂತಲೇ ಹೆಸರು.

ಒಂದು ಮಾತು, ಸ್ವಲ್ಪ ಖಾರ ಅನಿಸಬಹುದು. ಮ್ಯಾಪಲ್ಲಿ ಬಯಲು ಅಂತ ಕಂಡಿದ್ದೆಲ್ಲ ದಾರಿ ಅಲ್ಲ. ನಾಯಕನಹಟ್ಟಿ, ಚಳ್ಳಕೆರೆ ನಡುವೆ ಅಮೃತಮಹಲ್ ಕಾವಲು ಇತ್ತು. ಸಾವಿರಾರು ಎಕರೆ ಹುಲ್ಲುಗಾವಲು, ಬಂಡಿ ಜಾಡು ಎಲ್ಲಿ ಬೇಕಾದರೂ ಬೀಳುತ್ತಿತ್ತು. ಈಗ ಅಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಬಂದಿವೆ, ಕಾಂಪೌಂಡ್ ಎದ್ದಿದೆ. ಹಳೇ ಜಾಡು ಹಿಡಿದು ಹೋದರೆ ಗೋಡೆಗೆ ಮೂತಿ ತಾಗುತ್ತದೆ. ಕುರಿ ಹಟ್ಟಿಯವರು ಅದನ್ನು ಸುತ್ತಿಕೊಂಡು ಹೋಗೋದನ್ನು ಕಲಿತರು, ನೀವೂ ಸುತ್ತಿ. ದೇವರ ಎತ್ತಿನ ಗೂಡು, ಅಂದರೆ ದೇವರಿಗೆ ಬಿಟ್ಟ ದನಗಳ ದೊಡ್ಡಿ, ಕಂಡರೆ ಇಳಿದು ಬಿಡಿ, ಚಪ್ಪಲಿ ಕಾಲಲ್ಲಿ ಹತ್ತಿರ ಹೋಗಬೇಡಿ. ಕುರಿ ಮಂದೆ ಎದುರಿಗೆ ಬಂದರೆ ಬೆಲ್ ಹೊಡೀಬೇಡಿ, ನಿಂತುಬಿಡಿ. ನಾಯಿ ನಿಮ್ಮನ್ನು ನೋಡಿ ಬೊಗಳೋದಲ್ಲ, ಚಕ್ರ ನೋಡಿ ಬೊಗಳೋದು. ಚಕ್ರ ನಿಂತರೆ ಅದೂ ನಿಲ್ಲುತ್ತೆ.

ಚಾನಲ್ ಏರಿ:

ನಾಯಿ ವಿಷಯ ನೂರಕ್ಕೆ ನೂರು ನಿಜ. ಮಾರಿಕಣಿವೆ ಡ್ಯಾಮ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲಿ.

ಹಳೇ ಅಟ್ಲಾಸ್:

ಬೇಕಂತಲೇ ಹೇಳಲಿಲ್ಲ. ಕೋಡಿ ಬಿದ್ದಾಗಿನಿಂದ ಭಾನುವಾರ ಅಲ್ಲಿ ಜಾತ್ರೆ. ಆಯಮ್ಮ ಕೇಳಿದ್ದು ಗದ್ದಲ ಇಲ್ಲದ ಜಾಗ.

ಅರಳೆಬಂಡಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ಭಾನುವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ವಾರ ಚಾನಲ್. ಏನೂ ಹೇಳೋದಿಲ್ಲ, ಅಷ್ಟು ಚೆನ್ನಾಗಿತ್ತು. ಎರಡನೇ ವಾರವೂ ಚಾನಲ್.

ಮೂರನೇ ವಾರ ಮೇಷ್ಟ್ರ ಮಾತು ಕೇಳಿ ಅಜ್ಜನ ಊರಿನ ನಕಾಶೆ ಇಳಿಸಿಕೊಂಡೆ. ಜೋಡಿ ಚುಕ್ಕೆಗೆರೆ ನಿಜವಾಗಲೂ ಇತ್ತು. ಊರಿಂದ ಕೆರೆಗೆ, ಕೆರೆಯಿಂದ ದಾವಣಗೆರೆ ದಿಕ್ಕಿಗೆ. ತಮ್ಮನ ಓಮ್ನಿಯಲ್ಲಿ ಸೈಕಲ್ ಹಾಕಿಕೊಂಡು ಆರು ಗಂಟೆಗೆ ಊರಲ್ಲಿ ಇಳಿದೆ. ಮೊದಲ ಅರ್ಧ ಕಿಲೋಮೀಟರ್ ಸರಿ ಇತ್ತು, ಗಾಲಿ ಸವೆಸಿದ ಎರಡು ಗೀರು, ನಡುವೆ ಹುಲ್ಲು. ಆಮೇಲೆ ದಾರಿಯೇ ಇಲ್ಲ! ಮೆಕ್ಕೆಜೋಳ. ದಿಶಾಂಕ್ ಮಾತ್ರ ನೀವು ದಾರಿಯಲ್ಲೇ ಇದ್ದೀರಿ ಅನ್ನುತ್ತಿತ್ತು. ಹೊಲದವರು ಸಿಕ್ಕರು. ನಕಾಶೆ ಕಂಡ ದಾರಿ ಅಂತ ಬಾಯಿ ಬಿಡುವ ಧೈರ್ಯ ಬರಲಿಲ್ಲ, ಇಂಥವರ ಮೊಮ್ಮಗಳು ಅಂದೆ. ಅಷ್ಟಕ್ಕೇ ಬದುವಿನ ಮೇಲೆ ತಾವೇ ಸೈಕಲ್ ಹೊತ್ತುಕೊಂಡು ಬಂದು ಆಚೆ ಬಿಟ್ಟರು. ಟಗರುಕೊಂಬನ್ನು ಎರಡು ಸಲ ಹಿಡಿದು ನೋಡಿದರು.

ಅಲ್ಲಿಂದ ಅಡಿಕೆ ತೋಟ, ತೋಟ ದಾಟಿದರೆ ಕೆರೆ ಏರಿ. ಏರಿಯ ಕೊನೆಯಲ್ಲಿ, ತೂಬಿನ ಹತ್ತಿರ, ಒಂದು ವೀರಗಲ್ಲು. ಸೊಂಟದವರೆಗೆ ಮಣ್ಣಲ್ಲಿ ಹೂತಿದೆ. ಯಾರೋ ಅದರ ತಲೆ ಮೇಲೆ ಟವೆಲ್ ಒಣಹಾಕಿದ್ದರು. ಎತ್ತಿ ಪಕ್ಕಕ್ಕಿಟ್ಟು ನೋಡಿದೆ. ಮೇಲಿನ ಪಟ್ಟಿಯಲ್ಲಿ ಲಿಂಗ, ಬಸವ, ಸೂರ್ಯ, ಚಂದ್ರ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಎರಡು ಕಡೆ ಇಬ್ಬರು ಹೆಂಗಸರು ಕರೆದುಕೊಂಡು ಹೋಗುತ್ತಿದ್ದಾರೆ. ಅವನ ಕೈ ಇಬ್ಬರ ಹೆಗಲ ಮೇಲೂ ಇದೆ, ಜಾತ್ರೆಯಿಂದ ಬರುವವನ ಹಾಗೆ. ಕೆಳಗಿನ ಪಟ್ಟಿ ಅರ್ಧ ಮಣ್ಣೊಳಗೆ. ಕೈಯಲ್ಲಿ ಕೆರೆದೆ. ಹಸುವಿನ ಕೊಂಬು ಕಂಡವು, ಒಂದರ ಹಿಂದೆ ಒಂದು, ನಾಲ್ಕು. ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನು ಇರಬೇಕು. ಅಕ್ಷರ ಏನೂ ಇಲ್ಲ. ಟವೆಲ್ ವಾಪಸ್ ಹಾಕಿದೆ, ಅದು ಇನ್ನೂ ಹಸಿ ಇತ್ತು.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. “ತೂಬಿನ ಹತ್ರದ ಕಲ್ಲಾ? ಗೊತ್ತು. ಎತ್ತಿಗೆ ನೀರು ಕುಡಿಸಿ ನಿಮ್ಮಜ್ಜ ಅದಕ್ಕೆ ಒರಗಿ ಬೀಡಿ ಹಚ್ಚುತ್ತಿದ್ದ. ಅವ್ವನಿಗೆ ಹೇಳಬೇಡ ಅಂತ ನನಗೆ ಬೆಲ್ಲ ಕೊಡುತ್ತಿದ್ದ” ಅಂದರು. ಇಷ್ಟು ವರ್ಷ ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದೆ ದಾರಿ ಹೈವೇ ಹತ್ತಿರ ಹೋಗಿ ಲೇಔಟಿನೊಳಗೆ ಕರಗಿಹೋಯಿತು. ಒಟ್ಟು ಇಪ್ಪತ್ಮೂರು ಕಿಲೋಮೀಟರ್, ಪಂಚರ್ ಮೂರು. ಎರಡು ಜಾಲಿ, ಒಂದು ನೆಗ್ಗಿಲು. ಚಿಮುಟ ಇದ್ದಿದ್ದರಿಂದ ಬಚಾವ್. ಮನೆಗೆ ಬಂದಾಗ ಹನ್ನೊಂದೂಮುಕ್ಕಾಲು, ದೋಸೆಯನ್ನು ಯಜಮಾನರೇ ಹುಯ್ದಿದ್ದರು. ಆಕಾರದ ಬಗ್ಗೆ ಮಾತಾಡೋದು ಬೇಡ.

ಮುಂದಿನ ವಾರ ಸಂತೇಬೆನ್ನೂರಿನ ಹೊಂಡ, ಅಲ್ಲಿಂದ ಸೂಳೆಕೆರೆ ಅಂದುಕೊಂಡಿದ್ದೇನೆ. ಮಣ್ಣಿನ ದಾರಿ ಸಿಗುತ್ತಾ?

ಹಳೇ ಅಟ್ಲಾಸ್:

ಸಿಗುತ್ತದೆ. ಹೊಂಡಕ್ಕೆ ಬೆಳಗ್ಗೆಯೇ ಹೋಗಿ, ನಡುವಿನ ವಸಂತ ಮಂಟಪದ ನೆರಳು ನೀರಿನ ಮೇಲೆ ಅಲುಗಾಡದೆ ನಿಂತಿರುತ್ತದೆ. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಪಕ್ಕದ ಮುಸಾಫಿರ್‌ಖಾನೆಯನ್ನೂ ನೋಡಿ, ಎಲ್ಲರೂ ಅದಕ್ಕೆ ಬೆನ್ನು ಹಾಕಿ ಫೋಟೋ ತೆಗೆಯುತ್ತಾರೆ. ಸೂಳೆಕೆರೆಯ ಏರಿ ಎರಡು ಗುಡ್ಡದ ನಡುವೆ ಇರೋದು ಇಷ್ಟೇ ಇಷ್ಟು, ನೀರು ಮಾತ್ರ ಕಣ್ಣು ಹೋಗುವಷ್ಟು. ನಾವು ದುರ್ಗದವರು ಕುಡಿಯುವುದೂ ಅದೇ ನೀರು, ಒಂದು ನಮಸ್ಕಾರ ನಮ್ಮ ಪರವಾಗಿಯೂ ಹಾಕಿ. ಆ ಕಲ್ಲಿನ ಫೋಟೋ ಇದ್ದರೆ ಕಳಿಸಿ ತಾಯಿ.

ಎರಡು ಟ್ಯೂಬು:

ಮೂರು ಪಂಚರ್‌ಗೆ ಎಷ್ಟು ಟ್ಯೂಬ್ ಹೋಯಿತು?

ಅರಳೆಬಂಡಿ:

ಎರಡು. ದಾವಣಗೆರೆಯಲ್ಲಿ ಈ ಸೈಜು ಸಿಗುತ್ತಿಲ್ಲ. ಒಂದು ಅಂಗಡಿಯವನು ಮಕ್ಕಳ ಸೈಕಲ್ ಟ್ಯೂಬ್ ಎಳೆದು ಹಾಕುತ್ತೇನೆ ಅಂದ.

ಎರಡು ಟ್ಯೂಬು:

ಹಾಕಿಸಬೇಡಿ! ನನ್ನ ಹತ್ತಿರ ಎರಡಿವೆ. ಭಾನುವಾರ ಆರೂವರೆಗೆ ಹೊಂಡದ ಹತ್ತಿರ ಬರುತ್ತೇನೆ.